ಆಂಟೆನಾಗೆ ಕಡಿಮೆ ಖರ್ಚಿನ ಫೀಡ್‌ಲೈನ್: ಡಿಷ್ ಕೇಬಲ್‌ನಿಂದ ಏಣಿ ತಂತಿಯವರೆಗೆ

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಪಡೆದವರು ಕೈಲಿದ್ದ ದುಡ್ಡನ್ನೆಲ್ಲ ರಿಗ್‌ಗೆ, ಅಂದರೆ ರೇಡಿಯೋ ಸೆಟ್‌ಗೆ, ಸುರಿದುಬಿಡುತ್ತಾರೆ. ಆಮೇಲೆ ರಿಗ್‌ನಿಂದ ಆಂಟೆನಾಗೆ ಹೋಗುವ ಫೀಡ್‌ಲೈನ್‌ಗೆ ಅಂತ ಅಂಗಡಿಗೆ ಹೋಗಿ ದಪ್ಪನೆಯ ಆರ್‌ಜಿ-213 ಕೇಬಲ್ ಮೀಟರ್‌ಗೆ ಎಷ್ಟು ಅಂತ ಕೇಳಿ, ಬೆಲೆ ಕೇಳಿದ ಮೇಲೆ ಸುಮ್ನೆ ಮನೆಗೆ ಬರುತ್ತಾರೆ. ಇಲ್ಲವೇ ಸಿಕ್ಕಿದ ತೆಳು ಆರ್‌ಜಿ-58 ತಂದು ಎರಡು ಮಹಡಿ ಮೇಲಿನ ವಿಹೆಚ್‌ಎಫ್ (145 ಮೆಗಾಹರ್ಟ್ಸ್ ಆಸುಪಾಸಿನ) ಆಂಟೆನಾಗೆ ಕಟ್ಟಿ, ‘ರಿಪೀಟರ್ ಸಿಗ್ತಾನೇ ಇಲ್ಲ’ ಅಂತ ಗೊಣಗುತ್ತಾರೆ (ರಿಪೀಟರ್ ಅಂದರೆ ನಮ್ಮ ಸಿಗ್ನಲ್ ಹಿಡಿದು ಮರುಪ್ರಸಾರ ಮಾಡುವ ಸ್ಟೇಷನ್). ಎರಡೂ ಬೇಡ. ಟಿವಿ ಡಿಷ್‌ಗೆ ಹಾಕುವ ಕೇಬಲ್‌ನಿಂದ, ಮನೆ ವೈರಿಂಗ್‌ಗೆ ಬಳಸುವ ತಂತಿಯಿಂದ ಒಳ್ಳೆಯ ಫೀಡ್‌ಲೈನ್ ಮಾಡಬಹುದು. ಆದರೆ ಯಾವುದನ್ನು ಎಲ್ಲಿ ಹಾಕಬೇಕು ಅನ್ನೋದು ಗೊತ್ತಿರಬೇಕು.

ಕೊಳ್ಳುವ ಮುಂಚೆ ಎರಡು ಸಂಖ್ಯೆ ಬರೆದುಕೊಳ್ಳಿ

ಒಂದು, ನೀವು ಯಾವ ಬ್ಯಾಂಡ್‌ನಲ್ಲಿ ಮಾತಾಡುತ್ತೀರಿ. ಇನ್ನೊಂದು, ರಿಗ್‌ನಿಂದ ಆಂಟೆನಾವರೆಗೆ ಕೇಬಲ್ ಎಷ್ಟು ಮೀಟರ್ ಬೇಕು. ಟೇಪ್ ಹಿಡಿದು ಅಳೆಯಿರಿ, ಕಣ್ಣಂದಾಜು ಬೇಡ. ಕಿಟಕಿ, ಗೋಡೆ, ಪ್ಯಾರಪೆಟ್ ಎಲ್ಲ ಸುತ್ತಿ ಹೋಗುವಾಗ ಅಂದಾಜಿಗಿಂತ ಯಾವಾಗಲೂ ಜಾಸ್ತಿಯೇ ಆಗುತ್ತದೆ.

ಕೇಬಲ್‌ನಲ್ಲಿ ಕಳೆದುಹೋಗುವ ಶಕ್ತಿಯನ್ನು ಡಿಬಿ ಲೆಕ್ಕದಲ್ಲಿ ಹೇಳುತ್ತಾರೆ. 1 ಡಿಬಿ ಹೋದರೆ ಸುಮಾರು ಐದರಲ್ಲಿ ಒಂದು ಪಾಲು ಹೋಯಿತು, 3 ಡಿಬಿ ಹೋದರೆ ಅರ್ಧ ಹೋಯಿತು. ಇಷ್ಟು ನೆನಪಿದ್ದರೆ ಸಾಕು.

20 ಮೀಟರ್ ಉದ್ದದ ಕೇಬಲ್ ತೆಗೆದುಕೊಳ್ಳೋಣ. 7 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58 ಸುಮಾರು 0.8 ಡಿಬಿ ತಿನ್ನುತ್ತದೆ, ಆರ್‌ಜಿ-6 ಡಿಷ್ ಕೇಬಲ್ ಸುಮಾರು 0.4, ದಪ್ಪನೆಯ ಆರ್‌ಜಿ-213 ಸುಮಾರು 0.3. ಈ ವ್ಯತ್ಯಾಸ ಆಚೆ ಕಡೆ ಕೇಳುವವರ ಕಿವಿಗೆ ಗೊತ್ತೇ ಆಗುವುದಿಲ್ಲ. ಸಿಗ್ನಲ್ ಬಲ ತೋರಿಸುವ ಎಸ್ ಮೀಟರ್‌ನ ಒಂದು ಯೂನಿಟ್ ಅಂದರೇನೇ 6 ಡಿಬಿ, ಅಲ್ವಾ? ಹಾಗಾಗಿ 40 ಮೀಟರ್ ಬ್ಯಾಂಡ್‌ಗೆ (7 ಮೆಗಾಹರ್ಟ್ಸ್‌ಗೆ ತರಂಗದ ಉದ್ದದಿಂದ ಬಂದ ಹೆಸರು) ಅಂತ ಆರ್‌ಜಿ-213 ಕೊಳ್ಳುವುದು ನನ್ನ ಪ್ರಕಾರ ದುಡ್ಡು ದಂಡ.

ಈಗ 145 ಮೆಗಾಹರ್ಟ್ಸ್‌ಗೆ ಬನ್ನಿ. ಅದೇ 20 ಮೀಟರ್‌ಗೆ ಆರ್‌ಜಿ-58 ಸುಮಾರು 4 ಡಿಬಿ ನುಂಗುತ್ತದೆ. ಅಂದರೆ 5 ವಾಟ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್) ಕಟ್ಟಿದರೆ ಆಂಟೆನಾ ತಲುಪುವುದು 2 ವಾಟ್. ಕೇಳುವ ಕಡೆಯೂ ಅಷ್ಟೇ ನಷ್ಟ. ಆರ್‌ಜಿ-6 ಮತ್ತು ಆರ್‌ಜಿ-213 ಎರಡೂ ಹತ್ತಿರ ಹತ್ತಿರ 1.7, 1.8 ಡಿಬಿಯಲ್ಲಿ ನಿಲ್ಲುತ್ತವೆ. ಹೌದು, ಎರಡೂ ಹೆಚ್ಚುಕಮ್ಮಿ ಒಂದೇ. ಡಿಷ್ ಕೇಬಲ್ ಒಳಗೆ ಇರುವುದು ಗಾಳಿ ಗುಳ್ಳೆ ತುಂಬಿದ ಫೋಮ್, ಆರ್‌ಜಿ-213 ಒಳಗೆ ಗಟ್ಟಿ ಪಾಲಿಥೀನ್. ಫೋಮ್‌ನಿಂದಾಗಿ ತೆಳು ಕೇಬಲ್ ಕೂಡ ದಪ್ಪ ಕೇಬಲ್‌ಗೆ ಸಮ ನಿಲ್ಲುತ್ತದೆ. 435 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58 ಅನ್ನು 20 ಮೀಟರ್ ಎಳೆಯುವ ಯೋಚನೆಯನ್ನೇ ಬಿಡಿ. ಅಲ್ಲಿ 7 ಡಿಬಿ ಹೋಗುತ್ತದೆ, ಐದನೇ ಒಂದು ಪಾಲು ಉಳಿದರೆ ಹೆಚ್ಚು.

75 ಓಮ್ ಅಂತ ಹೆದರಬೇಡಿ

ಇಂಪೀಡೆನ್ಸ್ (ಸಿಗ್ನಲ್‌ಗೆ ಕಾಣುವ ತಡೆ) ಲೆಕ್ಕದಲ್ಲಿ ಡಿಷ್ ಕೇಬಲ್ 75 ಓಮ್, ರಿಗ್ 50 ಓಮ್, ಹೊಂದುವುದಿಲ್ಲ ಅಂತ ಹಲವರು ಹೇಳುತ್ತಾರೆ. ಹೊಂದದೆ ಇದ್ದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿದವರು ಕಡಿಮೆ. 75 ಅನ್ನು 50ರಿಂದ ಭಾಗಿಸಿದರೆ 1.5. ಈ ಹೊಂದಾಣಿಕೆಯ ಅಳತೆಯೇ ಎಸ್‌ಡಬ್ಲ್ಯೂಆರ್ (1 ಇದ್ದರೆ ಪೂರ್ತಿ ಹೊಂದಿಕೆ), ಅದು 1.5 ಇದ್ದರೆ ವಾಪಸ್ ಬರುವುದು ನೂರಕ್ಕೆ ನಾಲ್ಕು ಪಾಲು. ಸಾಮಾನ್ಯವಾಗಿ ರಿಗ್‌ಗಳು 2 ದಾಟಿದ ಮೇಲೆ ತಾನೇ ಪವರ್ ಇಳಿಸಲು ಶುರು ಮಾಡುವುದು.

ಇನ್ನೊಂದು ವಿಷಯ. ಎತ್ತರದಲ್ಲಿ ನೇರವಾಗಿ ಕಟ್ಟಿದ ಅರ್ಧ ತರಂಗದ ಡೈಪೋಲ್‌ನ (ನಡುವೆ ಫೀಡ್‌ಲೈನ್ ಸೇರುವ, ಎರಡು ಕಾಲಿನ ತಂತಿ ಆಂಟೆನಾ) ನಡುವೆ ಸಿಗುವುದೇ ಸುಮಾರು 73 ಓಮ್. ಅದಕ್ಕೆ 75 ಓಮ್ ಕೇಬಲ್ 50 ಓಮ್‌ಗಿಂತ ಚೆನ್ನಾಗಿಯೇ ಒಪ್ಪುತ್ತದೆ. ನಡುವೆ ಮೇಲೆತ್ತಿ ತುದಿಗಳನ್ನು ಕೆಳಗೆ ಇಳಿಸಿದ ಇನ್ವರ್ಟೆಡ್ ವೀ ಆದರೆ 50 ಓಮ್ ಹತ್ತಿರ ಬರುತ್ತದೆ. ಆಗ ಮಾತ್ರ ಕೇಬಲ್ ಉದ್ದದ ಕಡೆ ಸ್ವಲ್ಪ ಗಮನ ಕೊಡಬೇಕು. 50 ಓಮ್ ಆಂಟೆನಾಗೆ 75 ಓಮ್ ಕೇಬಲ್ ಕಟ್ಟಿ ಉದ್ದ ಸರಿಯಾಗಿ ಕಾಲು ತರಂಗಕ್ಕೆ ಬಿದ್ದುಬಿಟ್ಟರೆ ರಿಗ್‌ಗೆ 112 ಓಮ್ ಕಾಣುತ್ತದೆ, ಎಸ್‌ಡಬ್ಲ್ಯೂಆರ್ 2.25 ತೋರಿಸುತ್ತದೆ. ಉದ್ದ ಅರ್ಧ ತರಂಗ ಆಗಿದ್ದರೆ ಆ ಕಡೆ ಇರುವ 50 ಈ ಕಡೆಯೂ 50 ಆಗಿಯೇ ಕಾಣುತ್ತದೆ.

ಆ ಉದ್ದ ಕಂಡುಹಿಡಿಯುವುದು ಸುಲಭ. 150 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಕೇಬಲ್‌ನ ವೆಲಾಸಿಟಿ ಫ್ಯಾಕ್ಟರ್‌ನಿಂದ (ಬೆಳಕಿನ ವೇಗದ ಎಷ್ಟು ಪಾಲಿನಲ್ಲಿ ಸಿಗ್ನಲ್ ಕೇಬಲ್ ಒಳಗೆ ಓಡುತ್ತದೆ ಅನ್ನೋ ಸಂಖ್ಯೆ) ಗುಣಿಸಿ. ಫೋಮ್ ಇರುವ ಆರ್‌ಜಿ-6ಗೆ ಅದು ಸುಮಾರು 0.83. ಗಟ್ಟಿ ಪಾಲಿಥೀನ್ ಇರುವ ಆರ್‌ಜಿ-58, 213ಗೆ 0.66. 7.1 ಮೆಗಾಹರ್ಟ್ಸ್‌ಗೆ ಆರ್‌ಜಿ-6 ಉದ್ದ 17.5 ಮೀಟರ್ ಬರುತ್ತದೆ. 145 ಮೆಗಾಹರ್ಟ್ಸ್‌ಗೆ 86 ಸೆಂಟಿಮೀಟರ್, ಅದರ ಯಾವ ಗುಣಕವಾದರೂ ಸರಿ. 17.5 ಮೀಟರ್‌ನಲ್ಲಿ ಒಂದು ಲಾಭವೂ ಇದೆ. 40 ಮೀಟರ್ ಡೈಪೋಲ್ 15 ಮೀಟರ್ ಬ್ಯಾಂಡ್‌ನಲ್ಲೂ ಕೆಲಸ ಮಾಡುತ್ತದೆ, ಈ ಉದ್ದ ಅಲ್ಲಿಯೂ ಅರ್ಧ ತರಂಗದ ಮೂರು ಪಟ್ಟು ಆಗುವುದರಿಂದ ಹೊಂದಿಕೊಳ್ಳುತ್ತದೆ.

ಅಂಗಡಿಯಲ್ಲಿ ಏನು ನೋಡಬೇಕು

ಬೆಂಗಳೂರಿನವರಾದರೆ ಎಸ್.ಪಿ. ರೋಡ್ ಇದ್ದೇ ಇದೆ. ಬೇರೆ ಊರಿನವರಿಗೆ ಡಿಷ್, ಸಿಸಿಟಿವಿ ಸಾಮಾನು ಮಾರುವ ಯಾವ ಅಂಗಡಿಯಾದರೂ ಆದೀತು. ಆರ್‌ಜಿ-6 ಅಂತ ಬರೆದಿರುವುದೆಲ್ಲ ಒಂದೇ ಗುಣಮಟ್ಟದ್ದಲ್ಲ. ಒಂದು ತುದಿ ಕತ್ತರಿಸಿ ತೋರಿಸಿ ಅನ್ನಿ. ಫಾಯಿಲ್ ಮೇಲಿನ ತಂತಿ ಬಲೆ, ಅಂದರೆ ಬ್ರೇಡ್, ಒತ್ತಾಗಿ ಹೆಣೆದಿರಬೇಕು. ಅಲ್ಲೊಂದು ಇಲ್ಲೊಂದು ಎಳೆ ಇದ್ದರೆ ಬೇಡ, ಅದು ಹೊರಗಿನ ಗದ್ದಲವನ್ನೆಲ್ಲ ಒಳಗೆ ಬಿಡುತ್ತದೆ. ನಡುವಿನ ಕೋರ್‌ಗೆ ಒಂದು ಮ್ಯಾಗ್ನೆಟ್ ಹಿಡಿಯಿರಿ. ಅಂಟಿಕೊಂಡರೆ ಒಳಗೆ ಉಕ್ಕು, ಮೇಲೆ ತಾಮ್ರದ ಲೇಪ ಅಂತ ಅರ್ಥ. 7 ಮೆಗಾಹರ್ಟ್ಸ್ ಮತ್ತು ಅದರ ಮೇಲೆ ಇದರಿಂದ ದೊಡ್ಡ ತೊಂದರೆ ಇಲ್ಲ, ಯಾಕೆಂದರೆ ಆರ್‌ಎಫ್ (ರೇಡಿಯೋ ಸಿಗ್ನಲ್) ಹರಿಯುವುದು ತಂತಿಯ ಹೊರಮೈಯಲ್ಲೇ. 80, 160 ಮೀಟರ್ ಬ್ಯಾಂಡ್‌ಗೆ ಇಳಿದರೆ ನಷ್ಟ ಸ್ವಲ್ಪ ಏರುತ್ತದೆ, ಅಲ್ಲಿಗೆ ಪೂರ್ತಿ ತಾಮ್ರದ ಕೋರ್ ಸಿಕ್ಕರೆ ಒಳ್ಳೆಯದು. ಬಿಸಿಲಿಗೆ ಬಿಳಿ ಹೊದಿಕೆಗಿಂತ ಕಪ್ಪು ಹೊದಿಕೆ ಹೆಚ್ಚು ಕಾಲ ಬಾಳುತ್ತದೆ. 100 ವಾಟ್‌ವರೆಗೆ ಹೆಚ್‌ಎಫ್‌ನಲ್ಲಿ (30 ಮೆಗಾಹರ್ಟ್ಸ್‌ವರೆಗೆ) ಈ ಕೇಬಲ್ ಆರಾಮಾಗಿ ತಡೆಯುತ್ತದೆ.

ನಿಮ್ಮ ಬೀದಿಯ ಕೇಬಲ್ ಟಿವಿಯವರನ್ನೂ ಒಮ್ಮೆ ಮಾತಾಡಿಸಿ. ಫೈಬರ್‌ಗೆ ಬದಲಾದವರ ಹತ್ತಿರ ದಪ್ಪನೆಯ ಆರ್‌ಜಿ-11 ತುಂಡುಗಳು ಬಿದ್ದಿರಬಹುದು. ಅದೂ 75 ಓಮ್, ನಷ್ಟ ಆರ್‌ಜಿ-6ಗಿಂತ ಕಡಿಮೆ. ವಿಹೆಚ್‌ಎಫ್‌ನವರಿಗೆ ಅದು ಸಿಕ್ಕರೆ ಹಬ್ಬ.

ಕನೆಕ್ಟರ್ ಹಾಕುವುದು

ಹೆಚ್ಚು ಜನ ತಡವರಿಸುವುದು ಇಲ್ಲೇ. ಆರ್‌ಜಿ-6 ಬ್ರೇಡ್ ಸಾಮಾನ್ಯವಾಗಿ ಅಲ್ಯೂಮಿನಿಯಂ, ಅದಕ್ಕೆ ಮಾಮೂಲಿ ಸೀಸದ ಬೆಸುಗೆ ಹಿಡಿಯುವುದಿಲ್ಲ. ಕಾವೇರಿಸಿ ಕಾವೇರಿಸಿ ಒಳಗಿನ ಫೋಮ್ ಕರಗಿಸಿಕೊಳ್ಳಬೇಡಿ. ರಿಗ್‌ಗೆ ಸೇರುವ ಪಿಎಲ್-259 ಕನೆಕ್ಟರ್ ಅನ್ನು ಈ ಕೇಬಲ್‌ಗೆ ನೇರವಾಗಿ ಹಾಕುವ ಹಟವೂ ಬೇಡ.

ಕಂಪ್ರೆಷನ್ ಮಾದರಿಯ ಎಫ್ ಕನೆಕ್ಟರ್ ತನ್ನಿ, ಜೊತೆಗೆ ಅದನ್ನು ಒತ್ತುವ ಟೂಲ್. ಟೂಲ್ ದುಬಾರಿ ಅನ್ನಿಸಿದರೆ ಡಿಷ್ ಹಾಕುವ ಹುಡುಗನಿಗೆ ಚಹಾ ಕುಡಿಸಿ, ಎರಡು ನಿಮಿಷದಲ್ಲಿ ಒತ್ತಿ ಕೊಡುತ್ತಾನೆ. ಹೊರ ಹೊದಿಕೆಯನ್ನು ಸುಮಾರು 12 ಮಿಲಿಮೀಟರ್ ತೆಗೆಯಿರಿ, ಬ್ರೇಡ್ ಹಿಂದಕ್ಕೆ ಮಡಚಿ, ಕೋರ್ ಸುತ್ತ ಬಿಳಿ ಫೋಮ್ 6 ಮಿಲಿಮೀಟರ್ ಉಳಿಸಿ. ಬ್ರೇಡ್‌ನ ಒಂದೇ ಒಂದು ಎಳೆಯೂ ಕೋರ್‌ಗೆ ತಾಗಬಾರದು. ಫೋಮ್ ಕನೆಕ್ಟರ್‌ನ ಒಳತಳಕ್ಕೆ ಸಮವಾಗಿ ಬರುವವರೆಗೆ ತಳ್ಳಿ, ಆಮೇಲೆ ಒತ್ತಿ.

ರಿಗ್ ಕಡೆಗೆ ಎಫ್‌ನಿಂದ ಪಿಎಲ್-259 ಆಗುವ ಅಡಾಪ್ಟರ್ ಸಿಗುತ್ತದೆ. ಹ್ಯಾಂಡಿಗೆ ಎಫ್‌ನಿಂದ ಬಿಎನ್‌ಸಿ ಅಥವಾ ಎಸ್‌ಎಂಎ. ದಪ್ಪ ಕೇಬಲ್‌ನ ಭಾರವನ್ನು ಹ್ಯಾಂಡಿಯ ಪುಟ್ಟ ಸಾಕೆಟ್ ಮೇಲೆ ಬಿಡಬೇಡಿ, ಒಂದು ಅಡಿ ತೆಳು ಕೇಬಲ್ ನಡುವೆ ಇರಲಿ.

ಆಂಟೆನಾ ಕಡೆಗೆ ಒಂದು ಚಿಕ್ಕ ಪಿವಿಸಿ ಜಂಕ್ಷನ್ ಬಾಕ್ಸ್ ತೆಗೆದುಕೊಳ್ಳಿ. ಅದರ ತಳಕ್ಕೆ ಎಫ್ ಫೀಮೇಲ್ ಸಾಕೆಟ್ ಕೂರಿಸಿ, ಬಾಯಿ ಕೆಳಮುಖವಾಗಿರಲಿ. ಸಾಕೆಟ್‌ನ ನಡು ಪಿನ್‌ಗೆ ಡೈಪೋಲ್‌ನ ಒಂದು ಕಾಲನ್ನು ಬೆಸುಗೆ ಹಾಕಿ. ಇನ್ನೊಂದು ಕಾಲಿಗೆ ರಿಂಗ್ ಲಗ್ ಹಾಕಿ ಸಾಕೆಟ್‌ನ ನಟ್ ಕೆಳಗೆ ಬಿಗಿಯಿರಿ. ತಂತಿಯ ಎಳೆತ ಬಾಕ್ಸ್‌ನ ತೂತುಗಳ ಮೇಲೆ ಬೀಳಬೇಕು, ಬೆಸುಗೆ ಮೇಲಲ್ಲ. ಹಾಗಾಗಿ ಒಳಗೆ ಒಂದು ಗಂಟು ಹಾಕಿಯೇ ಹೊರಗೆ ಬಿಡಿ. ಬಾಕ್ಸ್ ಕೆಳಗೆ ಎರಡು ಸಣ್ಣ ತೂತು ಕೊರೆಯಿರಿ, ಒಳಗೆ ಬಂದ ನೀರು ಇಳಿದು ಹೋಗಲಿ.

ಬಾಕ್ಸ್ ಹತ್ತಿರವೇ ಕೇಬಲ್ ಅನ್ನು ಸುರುಳಿ ಸುತ್ತಿ ಚೋಕ್ ಮಾಡಿ. 40 ಮೀಟರ್ ಬ್ಯಾಂಡ್‌ಗೆ ಸುಮಾರು 20 ಸೆಂಟಿಮೀಟರ್ ಅಗಲದ 10 ಸುತ್ತು ಸಾಕು, ಟೇಪ್ ಹಾಕಿ ಕಟ್ಟಿ. ಇದಿಲ್ಲದಿದ್ದರೆ ಕೇಬಲ್‌ನ ಹೊರಮೈ ಕೂಡ ಆಂಟೆನಾ ಆಗಿ, ಮನೆಯ ಟಿವಿ, ಎಲ್‌ಇಡಿ ಬಲ್ಬ್‌ಗಳ ಗದ್ದಲವನ್ನೆಲ್ಲ ರಿಗ್‌ಗೆ ಹೊತ್ತು ತರುತ್ತದೆ. ಈ ಸುರುಳಿಗೆ 6 ಮೀಟರ್‌ಗಿಂತ ಜಾಸ್ತಿ ಕೇಬಲ್ ಬೇಕು. ಮೇಲೆ ಹೇಳಿದ 17.5 ಮೀಟರ್ ಒಳಗೇ ಅದು ಬರಬೇಕು ಅನ್ನೋದು ನೆನಪಿರಲಿ. ಆರ್‌ಜಿ-6 ತುಂಬಾ ಚಿಕ್ಕದಾಗಿ ಬಗ್ಗಿಸಿದರೆ ಒಳಗಿನ ಕೋರ್ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ, ಅಗಲ ಕಮ್ಮಿ ಮಾಡಬೇಡಿ.

ಒಂದೇ ಆಂಟೆನಾದಲ್ಲಿ ಹಲವು ಬ್ಯಾಂಡ್ ಬೇಕಾ? ಏಣಿ ತಂತಿ ಕಟ್ಟಿ

ನನಗೆ ತುಂಬಾ ಇಷ್ಟವಾದ ಫೀಡ್‌ಲೈನ್ ಇದು. ಎರಡು ತಂತಿ ಸಮಾನಾಂತರವಾಗಿ, ನಡುವೆ ಅಡ್ಡ ಕಡ್ಡಿಗಳು, ನೋಡಲು ಏಣಿ ಥರ.

ಇದು ಯಾಕೆ ಬೇಕು ಅಂದರೆ, 20 ಮೀಟರ್ ಉದ್ದದ ಡೈಪೋಲ್ 7 ಮೆಗಾಹರ್ಟ್ಸ್‌ಗೆ ಸರಿ, ಆದರೆ 14 ಮೆಗಾಹರ್ಟ್ಸ್‌ಗೆ ಹೋದರೆ ಅದರ ನಡುವೆ ಸಾವಿರಾರು ಓಮ್ ಕಾಣುತ್ತದೆ. ಅದು 4000 ಓಮ್ ಇದೆ ಅಂತ ಇಟ್ಟುಕೊಳ್ಳಿ. 20 ಮೀಟರ್ ಆರ್‌ಜಿ-58 ಕಟ್ಟಿ, ರಿಗ್‌ಗೆ 50 ಓಮ್ ಕಾಣುವಂತೆ ಹೊಂದಿಸುವ ಟ್ಯೂನರ್ ತಿರುಗಿಸಿದರೆ ಎಸ್‌ಡಬ್ಲ್ಯೂಆರ್ ಮೀಟರ್ ಜಾಣನಂತೆ 1:1 ತೋರಿಸುತ್ತದೆ. ಆದರೆ ಹತ್ತರಲ್ಲಿ ಒಂಬತ್ತು ಪಾಲು ಪವರ್ ಕೇಬಲ್‌ನಲ್ಲೇ ಬಿಸಿಯಾಗಿ ಹೋಗಿರುತ್ತದೆ. ಏಣಿ ತಂತಿಯಲ್ಲಿ ಅದೇ ಹೊಂದಾಣಿಕೆ ಇಲ್ಲದ ಸ್ಥಿತಿಯಲ್ಲಿ ಹೋಗುವುದು ಅರ್ಧ ಡಿಬಿಯೂ ಇಲ್ಲ. ನಡುವೆ ಇರುವುದು ಬಹುಪಾಲು ಗಾಳಿ, ಗಾಳಿಗೆ ಏನೂ ಖರ್ಚಿಲ್ಲ.

ಸಾಮಾನು ಇಷ್ಟು. 1.5 ಚದರ ಮಿಲಿಮೀಟರ್‌ನ ಮನೆ ವೈರಿಂಗ್ ತಾಮ್ರದ ತಂತಿ ಒಂದು ಸುರುಳಿ. ಇಲ್ಲಿ ಅದು 90 ಮೀಟರ್‌ನ ಸುರುಳಿಯಾಗಿ ಸಿಗುತ್ತದೆ. ಆಂಟೆನಾಗೆ 20 ಮೀಟರ್, 15 ಮೀಟರ್ ಫೀಡ್‌ಲೈನ್‌ಗೆ ಎರಡು ಎಳೆ ಸೇರಿ 30 ಮೀಟರ್, ಒಟ್ಟು 50 ಆಯಿತು, ಉಳಿದದ್ದು ಇನ್ನೊಂದು ಆಂಟೆನಾಗೆ. ಕಡ್ಡಿಗಳಿಗೆ ಎಲೆಕ್ಟ್ರಿಕಲ್ ಅಂಗಡಿಯ 20 ಮಿಲಿಮೀಟರ್ ಪಿವಿಸಿ ಪೈಪ್. ಜೊತೆಗೆ ಕಪ್ಪು ಕೇಬಲ್ ಟೈ.

ಪೈಪನ್ನು 12 ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದನ್ನೂ ಉದ್ದಕ್ಕೆ ಸೀಳಿದರೆ ಹಗುರವಾಗುತ್ತದೆ. ಅರ್ಧ ಮೀಟರ್‌ಗೆ ಒಂದರಂತೆ 15 ಮೀಟರ್‌ಗೆ ಸುಮಾರು 30 ಕಡ್ಡಿ ಬೇಕು. ಪ್ರತಿ ಕಡ್ಡಿಯ ಎರಡೂ ತುದಿಯಲ್ಲಿ ನಡುವೆ 10 ಸೆಂಟಿಮೀಟರ್ ಅಂತರ ಬರುವಂತೆ ತೂತು ಕೊರೆಯಿರಿ. ಒಂದು ಮರದ ತುಂಡಿನ ಮೇಲೆ ಎರಡು ಮೊಳೆ ಹೊಡೆದು ಅಳತೆ ಗುರುತು ಮಾಡಿಕೊಂಡರೆ ಎಲ್ಲ ತೂತುಗಳೂ ಒಂದೇ ಸಮ ಬರುತ್ತವೆ. ಈ ತಂತಿ, ಈ ಅಂತರಕ್ಕೆ ಲೆಕ್ಕದಲ್ಲಿ ಸುಮಾರು 600 ಓಮ್ ಬರುತ್ತದೆ, ಮೇಲಿನ ಪಿವಿಸಿ ಹೊದಿಕೆಯಿಂದ ಸ್ವಲ್ಪ ಇಳಿಯುತ್ತದೆ. ಅಷ್ಟು ನಿಖರತೆಗೆ ತಲೆ ಕೆಡಿಸಿಕೊಳ್ಳಬೇಡಿ. ಟ್ಯೂನರ್ ಇರುವಾಗ 500 ಆದರೂ ಒಂದೇ, 600 ಆದರೂ ಒಂದೇ.

ತಾರಸಿಯಲ್ಲಿ ಎರಡು ಕಂಬದ ನಡುವೆ ಎರಡೂ ತಂತಿಗಳನ್ನು ಬಿಗಿಯಾಗಿ ಎಳೆದು ಕಟ್ಟಿ. ಮುಂಚೆಯೇ ಕಡ್ಡಿಗಳನ್ನೆಲ್ಲ ಪೋಣಿಸಿಕೊಂಡಿರಬೇಕು, ಆಮೇಲೆ ಪೋಣಿಸೋಣ ಅಂದರೆ ಆಗುವುದಿಲ್ಲ. ಒಂದೊಂದೇ ಕಡ್ಡಿಯನ್ನು ಜಾಗಕ್ಕೆ ಸರಿಸಿ, ಎರಡೂ ಬದಿ ಟೈ ಹಾಕಿ ಜಾರದಂತೆ ಮಾಡಿ. ಬಿಸಿ ಅಂಟು ಗನ್ ಬಳಸಬೇಡಿ, ಏಪ್ರಿಲ್ ಬಿಸಿಲಿಗೆ ಅದು ಬಿಟ್ಟುಕೊಳ್ಳುತ್ತದೆ.

ಎಳೆಯುವಾಗ ಮೂರು ಎಚ್ಚರ. ಏಣಿ ತಂತಿ ಕಬ್ಬಿಣದ ಗ್ರಿಲ್, ನೀರಿನ ಪೈಪ್, ಶೀಟ್‌ಗಳಿಂದ ಕನಿಷ್ಠ 20-30 ಸೆಂಟಿಮೀಟರ್ ದೂರ ಇರಬೇಕು. ನೆಲದ ಮೇಲೆ ಹಾಸಬಾರದು, ಉಳಿದದ್ದನ್ನು ಸುರುಳಿ ಸುತ್ತಿಡಬಾರದು. ಆಂಟೆನಾದಿಂದ ನೇರ ಕೆಳಗೆ, ಲಂಬವಾಗಿ ಇಳಿಯಲಿ. ಗಾಳಿಗೆ ಪಟಪಟ ಹೊಡೆದುಕೊಳ್ಳದಂತೆ ಮೀಟರ್‌ಗೆ ಒಂದು ಸುತ್ತಿನಂತೆ ಮೆಲ್ಲಗೆ ತಿರುಚಿ ಬಿಡಿ.

ಕಿಟಕಿ ಹತ್ತಿರ 4:1 ಕರೆಂಟ್ ಬಾಲನ್ (ಏಣಿ ತಂತಿಯನ್ನು ಕೋಆಕ್ಸ್‌ಗೆ ಜೋಡಿಸುವ ಟ್ರಾನ್ಸ್‌ಫಾರ್ಮರ್) ಇಟ್ಟು, ಅಲ್ಲಿಂದ ಒಂದೆರಡು ಮೀಟರ್ ಮಾತ್ರ ಕೋಆಕ್ಸ್ (ಆರ್‌ಜಿ ಹೆಸರಿನ ದುಂಡು ಕೇಬಲ್) ಹಾಕಿ ಟ್ಯೂನರ್‌ಗೆ ಕೊಡಿ. ಈ ಕೋಆಕ್ಸ್ ಉದ್ದವಾದಷ್ಟೂ ಏಣಿ ತಂತಿಯ ಲಾಭ ಕರಗುತ್ತದೆ. ಟ್ಯೂನರ್ ವಿಷಯದಲ್ಲಿ ಮುಚ್ಚುಮರೆ ಬೇಡ: ರಿಗ್ ಒಳಗೇ ಇರುವ ಆಟೋ ಟ್ಯೂನರ್‌ಗಳು ಸಾಮಾನ್ಯವಾಗಿ 3:1ರ ಆಚೆ ಕೈಚೆಲ್ಲುತ್ತವೆ. ಕೈಯಿಂದ ತಿರುಗಿಸುವ, ದೊಡ್ಡ ವ್ಯಾಪ್ತಿಯ ಟ್ಯೂನರ್ ಬೇಕು. ಅದನ್ನು ಕೊಳ್ಳಲು ಅಥವಾ ಕಟ್ಟಲು ಆಗದಿದ್ದರೆ ಬ್ಯಾಂಡ್‌ಗೊಂದು ಡೈಪೋಲ್, ಆರ್‌ಜಿ-6 ದಾರಿಯೇ ಅಗ್ಗ. 100 ವಾಟ್ ಬಿಡುವಾಗ ಈ ತಂತಿಯಲ್ಲಿ ಸುಡುವಷ್ಟು ವೋಲ್ಟೇಜ್ ಇರುತ್ತದೆ. ಮಕ್ಕಳ ಕೈಗೆ, ಬಟ್ಟೆ ಒಣಹಾಕುವವರ ಕೈಗೆ ಎಟುಕಬಾರದು.

ಮನೆಯಲ್ಲಿ ಬಿದ್ದಿರುವ ಬೇರೆ ತಂತಿಗಳು

ಇಂಟರ್ನೆಟ್‌ನ ಕ್ಯಾಟ್-5 ಕೇಬಲ್ ಒಳಗಿನ ಒಂದು ಜೊತೆ ತಂತಿ 100 ಓಮ್, ಎರಡು ಜೊತೆ ಸೇರಿಸಿದರೆ 50 ಓಮ್. 7 ಮೆಗಾಹರ್ಟ್ಸ್‌ನಲ್ಲಿ 20 ಮೀಟರ್‌ಗೆ 1 ಡಿಬಿ ಚಿಲ್ಲರೆ ಹೋಗುತ್ತದೆ. ಹೈದರಾಬಾದಿನಲ್ಲಿ ಹುಟ್ಟಿದ ಬಿಟ್‌ಎಕ್ಸ್‌ನಂಥ ಕೆಲವೇ ವಾಟ್‌ಗಳ, ಮನೆಯಲ್ಲೇ ಕಟ್ಟುವ (ಹೋಮ್‌ಬ್ರೂ) ರಿಗ್ ಹೊತ್ತು ಬೆಟ್ಟಕ್ಕೆ ಹೋಗುವವರಿಗೆ ಹಗುರವಾದ ಒಳ್ಳೆಯ ಫೀಡ್‌ಲೈನ್. ಮಳೆಯಲ್ಲಿ ಕಾಯಂ ಬಿಡುವಂಥದ್ದಲ್ಲ.

ಸ್ಪೀಕರ್‌ಗೆ ಹಾಕುವ ಜೋಡಿ ತಂತಿಯೂ 100 ಓಮ್ ಆಸುಪಾಸು, ಆದರೆ ಅದರ ಪಿವಿಸಿ ಹೊದಿಕೆ ಪವರ್ ತಿನ್ನುತ್ತದೆ. ಹತ್ತು ಮೀಟರ್ ಒಳಗೆ, 7 ಮೆಗಾಹರ್ಟ್ಸ್‌ಗೆ, ತುರ್ತಿಗೆ ಪರವಾಗಿಲ್ಲ. ದೂರದರ್ಶನದ ಕಾಲದ ಚಪ್ಪಟೆ 300 ಓಮ್ ತಂತಿ ಅಜ್ಜಿ ಮನೆ ಅಟ್ಟದಲ್ಲಿ ಸಿಕ್ಕರೆ ಎಸೆಯಬೇಡಿ. ಒಣ ಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಒದ್ದೆಯಾದರೆ ಟ್ಯೂನಿಂಗ್ ಓಡಾಡುತ್ತದೆ.

ಮಳೆ, ಇರುವೆ, ಅಳಿಲು

ಕೇಬಲ್ ಹಾಳಾಗುವುದು ಹೆಚ್ಚಾಗಿ ತುದಿಯಲ್ಲಿ. ಕೋಆಕ್ಸ್ ಒಳಗೆ ಒಮ್ಮೆ ನೀರು ಹೊಕ್ಕರೆ ಬ್ರೇಡ್ ಹಿಡಿದು ಮೀಟರ್‌ಗಟ್ಟಲೆ ಒಳಗೆ ಹೋಗುತ್ತದೆ. ಮಲೆನಾಡು, ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಕನೆಕ್ಟರ್ ಮೇಲೆ ಮೊದಲು ತನಗೆ ತಾನೇ ಅಂಟುವ ರಬ್ಬರ್ ಟೇಪ್ ಎಳೆದು ಸುತ್ತಿ, ಅದರ ಮೇಲೆ ಮಾಮೂಲಿ ಪಿವಿಸಿ ಟೇಪ್ ಕೆಳಗಿನಿಂದ ಮೇಲಕ್ಕೆ ಸುತ್ತಿ, ಆಗ ಹೆಂಚಿನ ಮಾಡಿನಂತೆ ನೀರು ಜಾರುತ್ತದೆ. ಎಂ-ಸೀಲ್ ಗಟ್ಟಿಯಾಗಿ ಹಿಡಿಯುತ್ತದೆ ನಿಜ, ಆದರೆ ಅಲುಗಾಡುವ ಜಾಗದಲ್ಲಿ ಬಿರುಕು ಬಿಡುತ್ತದೆ, ಬಿಚ್ಚಲೂ ಆಗುವುದಿಲ್ಲ. ವಿನೆಗರ್ ವಾಸನೆ ಬರುವ ಸಿಲಿಕೋನ್ ತಾಮ್ರವನ್ನೇ ತಿನ್ನುತ್ತದೆ, ಅದು ಬೇಡ. ಮನೆ ಒಳಗೆ ಬರುವ ಮುಂಚೆ ಕೇಬಲ್ ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇರಲಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಅಳಿಲು, ಇಲಿ ಓಡಾಡುವ ಕಡೆ ಕೇಬಲ್ ಅನ್ನು ಪಿವಿಸಿ ಪೈಪ್ ಒಳಗೆ ಹಾಯಿಸಿ.

ಕೇಬಲ್ ಇನ್ನೂ ಜೀವಂತ ಇದೆಯಾ ಅಂತ ನೋಡುವುದು

ಕೆಟ್ಟ ಕೇಬಲ್ ಎಸ್‌ಡಬ್ಲ್ಯೂಆರ್ ಅನ್ನು ಇರುವುದಕ್ಕಿಂತ ಒಳ್ಳೆಯದಾಗಿ ತೋರಿಸುತ್ತದೆ. ಹೋದ ಪವರ್ ವಾಪಸ್ ಬರುವ ದಾರಿಯಲ್ಲೂ ನಷ್ಟವಾಗುವುದರಿಂದ ಮೀಟರ್‌ಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಹಾಗಾಗಿ ಆಂಟೆನಾ ಬಿಚ್ಚಿ ಪರೀಕ್ಷಿಸಿ. ಆ ಕಡೆ ತುದಿ ಖಾಲಿ ಬಿಟ್ಟು, ಈ ಕಡೆಯಿಂದ ನ್ಯಾನೋವಿಎನ್‌ಎ ಅನ್ನೋ ಪುಟ್ಟ ಅಳತೆ ಯಂತ್ರದಲ್ಲಿ ಎಸ್‌ಡಬ್ಲ್ಯೂಆರ್ ನೋಡಿ. ರಿಗ್‌ನಿಂದ ಪವರ್ ಬಿಟ್ಟು ನೋಡಬೇಡಿ, ಫೈನಲ್ ಟ್ರಾನ್ಸಿಸ್ಟರ್ ಹೋದೀತು. ತುದಿ ಖಾಲಿ ಇದ್ದರೆ ಎಲ್ಲವೂ ವಾಪಸ್ ಬರಬೇಕು, ಎಷ್ಟು ಕಮ್ಮಿ ಬಂತೋ ಅಷ್ಟು ನಷ್ಟ. ಎಸ್‌ಡಬ್ಲ್ಯೂಆರ್ 9 ಇದ್ದರೆ ಕೇಬಲ್ ನಷ್ಟ ಸುಮಾರು 1 ಡಿಬಿ, 4.4 ಇದ್ದರೆ 2 ಡಿಬಿ, 3 ಇದ್ದರೆ 3 ಡಿಬಿ. 75 ಓಮ್ ಕೇಬಲ್‌ನಲ್ಲಿ ಈ ಅಂಕಿ ಮೇಲೆ ಕೆಳಗೆ ಅಲೆಯುತ್ತದೆ, ಸರಾಸರಿ ತೆಗೆದುಕೊಳ್ಳಿ. ಹೊಸ ಕೇಬಲ್ ಹಾಕಿದ ದಿನವೇ ಈ ಅಂಕಿಯನ್ನು ಬರೆದಿಟ್ಟುಕೊಂಡು, ಪ್ರತಿ ಮಳೆಗಾಲ ಮುಗಿದ ಮೇಲೆ ಮತ್ತೆ ನೋಡಿ. ಅರ್ಧ ಡಿಬಿ ಏರಿದ್ದರೆ ಮೊದಲು ಕನೆಕ್ಟರ್ ಬಿಚ್ಚಿ ನೋಡಿ. ಬ್ರೇಡ್ ಕಪ್ಪಾಗಿದ್ದರೆ ಹೊಳೆಯುವ ಬ್ರೇಡ್ ಸಿಗುವವರೆಗೆ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ.

ವೆಲಾಸಿಟಿ ಫ್ಯಾಕ್ಟರ್ ಅನ್ನೂ ಇದೇ ರೀತಿ ಕಂಡುಹಿಡಿಯಬಹುದು. ಖಾಲಿ ತುದಿಯ 15 ಮೀಟರ್ ಕೇಬಲ್‌ಗೆ ರಿಗ್ ಕಡೆಯಿಂದ ಶಾರ್ಟ್ ಆದಂತೆ ಕಾಣುವ ಮೊದಲ ಫ್ರೀಕ್ವೆನ್ಸಿ 4.15 ಮೆಗಾಹರ್ಟ್ಸ್ ಹತ್ತಿರ ಬಂದರೆ ಅದು 0.83. ಬೇರೆ ಬಂದರೆ ಆ ಫ್ರೀಕ್ವೆನ್ಸಿಯನ್ನು ಮೀಟರ್ ಉದ್ದದಿಂದ ಗುಣಿಸಿ 75ರಿಂದ ಭಾಗಿಸಿ, ನಿಮ್ಮ ಕೇಬಲ್‌ನ ನಿಜವಾದ ಸಂಖ್ಯೆ ಸಿಗುತ್ತದೆ. ಆಮೇಲೆ ಉದ್ದ ಕತ್ತರಿಸಿ.

ಕೊನೆಗೆ ಕರೆಂಟ್ ಲೈನ್, ಗುಡುಗು. ತಂತಿ ಎಳೆಯುವಾಗ ಬೀದಿಯ ಕರೆಂಟ್ ಲೈನ್ ಮೇಲೆ ಅಥವಾ ಕೆಳಗೆ ಹಾಯಬಾರದು, ಹರಿದು ಬಿದ್ದರೂ ಅದಕ್ಕೆ ತಾಗದಷ್ಟು ದೂರ ಇರಬೇಕು. ಮೋಡ ಕಪ್ಪಾದ ಕೂಡಲೇ ಫೀಡ್‌ಲೈನ್ ಅನ್ನು ರಿಗ್‌ನಿಂದ ಬಿಚ್ಚಿ ಕಿಟಕಿಯ ಹೊರಗೆ ಹಾಕಿ. ಏಣಿ ತಂತಿಯಾದರೆ ಡಬಲ್ ಪೋಲ್ (ಎರಡೂ ತಂತಿಗೆ ಒಟ್ಟಿಗೆ ಕೆಲಸ ಮಾಡುವ) ನೈಫ್ ಸ್ವಿಚ್ ಹೊರಗೋಡೆಗೆ ಕೂರಿಸಿ, ಮಾತಾಡದೆ ಇರುವಾಗ ಎರಡೂ ತಂತಿ ನೇರವಾಗಿ ಅರ್ಥಿಂಗ್‌ಗೆ ಸೇರುವಂತೆ ಮಾಡಿಡಿ. ಹತ್ತಿರದಲ್ಲೇ ಸಿಡಿಲು ಶುರುವಾಗಿದ್ದರೆ ಕೇಬಲ್ ಮುಟ್ಟಲು ಹೋಗಬೇಡಿ, ರಿಗ್ ಹೋದರೆ ಹೋಗಲಿ.